ಕರುಳಿನ ಜೀವಕಳೆ: ಶಸ್ತ್ರಕ್ಕೆ ಒಳಗಾದ ಕರುಳಿನಲ್ಲಿ ರಕ್ತಸಂಚಾರವನ್ನು ಅರಿಯುವ ಬಗೆ

ಕನ್ನಡದಲ್ಲಿ ‘ಕರುಳು’ ಎಂಬುದು ಬರಿಯ ಅಂಗವಾಚಕ ಶಬ್ದವಲ್ಲ. ಹೆತ್ತವಳ ಮಮತೆಗೆ ಕರುಳೆಂದೇ ಹೆಸರು. ಮಕ್ಕಳು ಕರುಳ ಕುಡಿಗಳು. ದುಃಖ ಮಿಕ್ಕಾಗ ಕಿತ್ತುಬರುವುದು ಕರುಳು. ದಯೆಯಿಲ್ಲದವನನ್ನು ಕರುಳಿಲ್ಲದವನೆಂದು ಲೋಕವು ಕರೆಯುವುದು. ಹಳಗನ್ನಡದ ‘ಕರುಳ್’ ಎಂಬ ರೂಪವು ಕಾವ್ಯಗಳ ಯುದ್ಧವರ್ಣನೆಗಳಲ್ಲಿ ಇನ್ನೊಂದು ಅರ್ಥಛಾಯೆಯನ್ನು ಹೊತ್ತು ಬರುವುದುಂಟು. ಅಲ್ಲಿ ಹೊರಚೆಲ್ಲಿದ ಕರುಳೆಂದರೆ ಮುಗಿದುಹೋದ ಬಾಳು. ‘ಗದಾಯುದ್ಧ’ವನ್ನು ರಚಿಸಿದ ರನ್ನನ ಹುಟ್ಟೂರಾದ ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಪ್ರಸ್ತುತ ಲೇಖನದ ವಿಷಯವಾದರೋ ಇದಕ್ಕೆ ತೀರ ವಿರುದ್ಧವಾದುದು. ವೈದ್ಯನು ಕರುಳನ್ನು ಬುದ್ಧಿಪೂರ್ವಕವಾಗಿ ಹೊರತೆಗೆದು, ಕೆಟ್ಟ ಭಾಗವನ್ನು ಕತ್ತರಿಸಿ, ಉಳಿದ ಎರಡು ಬಾಯಿಗಳನ್ನು ಹೊಲಿದು ಮರಳಿ ಒಳಗಿಡುವನು. ಹಾಗೆ ಇಟ್ಟ ಕರುಳು ಬದುಕೀತೇ? ಅದರಲ್ಲಿ ರಕ್ತವು ಹರಿಯುತ್ತಿದೆಯೆಂದು ಅವನು ಯಾವುದರಿಂದ ತಿಳಿಯುವನು? ಈ ಅರಿವಿಗಾಗಿ ಎಷ್ಟು ಮೂಕಪ್ರಾಣಿಗಳ ಉದರಗಳು ಪಾಠಶಾಲೆಗಳಾದುವು? ಇವುಗಳನ್ನು ಕುರಿತು ನಾಲ್ಕು ಮಾತು ಹೇಳುವುದು ಇಲ್ಲಿಯ ಉದ್ದೇಶ.

ಕರುಳಿನ ಶಸ್ತ್ರಚಿಕಿತ್ಸೆ ನಮ್ಮ ದೇಶಕ್ಕೆ ಹೊಸತಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬದ್ಧಗುದೋದರವೆಂಬ ವ್ಯಾಧಿಗೆ ಉದರವನ್ನು ಸೀಳಿ, ಕರುಳನ್ನು ನಾಲ್ಕಂಗುಲದಷ್ಟು ಹೊರಕ್ಕೆಳೆದು ಪರೀಕ್ಷಿಸಿ, ದಾರಿಯನ್ನು ತಡೆದಿರುವ ಕೂದಲು, ಕಲ್ಲು ಮೊದಲಾದುವನ್ನು ತೆಗೆದು, ಜೇನುತುಪ್ಪ ಮತ್ತು ತುಪ್ಪವನ್ನು ಸವರಿ ಒಳಗಿಡುವ ವಿಧಾನವು ಉಕ್ತವಾಗಿದೆ. ಕರುಳು ತೂತಾಗಿದ್ದರೆ ಕರಿಯ ಇರುವೆಗಳಿಂದ ಆ ತೂತಿನ ಅಂಚುಗಳನ್ನು ಕಚ್ಚಿಸಿ, ಇರುವೆಯ ದೇಹವನ್ನು ತೆಗೆದು ತಲೆಯನ್ನು ಮಾತ್ರ ಅಲ್ಲಿಯೇ ಉಳಿಸಬೇಕೆಂಬ ಮಾತು ಪ್ರಸಿದ್ಧವಾದುದೇ ಸರಿ. ಆದರೆ ಇದಕ್ಕಿಂತಲೂ ಹೆಚ್ಚಿನ ಗಮನಕ್ಕೆ ಪಾತ್ರವಾಗಬೇಕಾದುದು ಅದೇ ಗ್ರಂಥದ ಸೂತ್ರಸ್ಥಾನದಲ್ಲಿರುವ ‘ಯೋಗ್ಯಾ’ ಎಂಬ ಅಭ್ಯಾಸಕ್ರಮ. ಎಲ್ಲ ಶಾಸ್ತ್ರವನ್ನು ಓದಿದ್ದರೂ ಕೈ ಪಳಗದವನು ಕರ್ಮಕ್ಕೆ ಅರ್ಹನಲ್ಲ. ಆದುದರಿಂದ ಶಿಷ್ಯನು ಮೊದಲು ಕುಂಬಳ, ಸೋರೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನೂ, ನೀರು ತುಂಬಿದ ತೊಗಲಿನ ಚೀಲ ಮತ್ತು ಸತ್ತ ಪಶುಗಳ ಮೂತ್ರಕೋಶಗಳ ಮೇಲೆ ಭೇದಿಸುವುದನ್ನೂ, ಸತ್ತ ಪಶುವಿನ ಸಿರೆ ಮತ್ತು ತಾವರೆಯ ದಂಟಿನ ಮೇಲೆ ಚುಚ್ಚುವುದನ್ನೂ ಕಲಿಯಬೇಕು. ಜೀವವಿರುವ ಪ್ರಾಣಿಯ ಮೇಲೆ ಕೈಮಾಡುವ ಮೊದಲು ಜೀವವಿಲ್ಲದ ವಸ್ತುವಿನ ಮೇಲೆ ಕಲಿಯಬೇಕೆಂಬ ಈ ವಿವೇಕವನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು. ಮುಂದೆ ಇದರ ಪ್ರಸಕ್ತಿ ಬರುವುದು.

ಕನ್ನಡದಲ್ಲಿಯೂ ಪಶುಗಳ ಚಿಕಿತ್ಸೆಗೆ ಸಂಬಂಧಿಸಿದ ಶಾಸ್ತ್ರವಾಙ್ಮಯವುಂಟು. ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ಪಾಕ, ಜಲಶೋಧನೆಗಳೊಡನೆ ಪಶುವೈದ್ಯಕ್ಕೂ ಎಡೆ ದೊರೆತಿದೆ. ಚಾಳುಕ್ಯ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನೇ ಬರೆದನು. ಅರಸುಮಗನೊಬ್ಬನು ದನದ ಬೇನೆಗೆ ಮದ್ದು ಹೇಳುವ ಪುಸ್ತಕ ಬರೆಯಲು ಹಿಂಜರಿಯದಿದ್ದುದು ಆ ಕಾಲದ ದೊಡ್ಡತನ. ಆದರೆ ಈ ಹಿರಿಮೆಯನ್ನು ಹೇಳುವ ಉತ್ಸಾಹದಲ್ಲಿ ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತೆಂದು ಸಾರುವುದು ಪಾಂಡಿತ್ಯಕ್ಕೆ ಒಪ್ಪುವ ಮಾತಲ್ಲ. ರಕ್ತವು ಹೃದಯದಿಂದ ಹೊರಟು ಧಮನಿಗಳಲ್ಲಿ ಹರಿದು ಸಿರೆಗಳ ಮೂಲಕ ಹೃದಯಕ್ಕೇ ಹಿಂದಿರುಗುವುದೆಂಬ ಸಂಗತಿಯನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಯೋಗಪೂರ್ವಕವಾಗಿ ಸ್ಥಾಪಿಸಿದನು. ಸುಶ್ರುತನ ಕಾಲದ ವೈದ್ಯನು ಕರುಳನ್ನು ಹೊಲಿಯಬಲ್ಲವನಾಗಿದ್ದನು. ಹೊಲಿದ ಕರುಳಿಗೆ ರಕ್ತವು ಸಾಕಷ್ಟು ಬರುತ್ತಿದೆಯೋ ಇಲ್ಲವೋ ಎಂಬುದನ್ನು ಅಳೆಯುವ ಸಾಧನ ಅವನಲ್ಲಿರಲಿಲ್ಲ.

ಕರುಳಿಗೆ ರಕ್ತವು ಬರುವ ದಾರಿಯನ್ನು ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ರೈತರಿಗೆ ತಿಳಿಸುವುದು ಸುಲಭ. ಘಟಪ್ರಭಾ ಎಡದಂಡೆ ಕಾಲುವೆಯನ್ನು ನೆನೆದರೆ ಸಾಕು. ಮೂಲ ಕಾಲುವೆಯಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ, ಅದರಿಂದ ಮಡಿಗೆ ನೀರು ಹೋಗುವಂತೆ, ಬೆನ್ನೆಲುಬಿನ ಮುಂದೆ ಇಳಿಯುವ ಮಹಾಧಮನಿಯಿಂದ ಕರುಳಿನ ಧಮನಿಯು ಕವಲೊಡೆಯುವುದು. ಕರುಳನ್ನು ಬೆನ್ನಿನ ಗೋಡೆಗೆ ತೂಗಿಸಿರುವ ತೆಳುವಾದ ಪೊರೆಯೊಂದುಂಟು; ವೈದ್ಯರು ಇದನ್ನು ಮೆಸೆಂಟರಿ ಎನ್ನುವರು. ಅದರೊಳಗೆ ಈ ಧಮನಿಯು ಕೊಂಬೆ ಕೊಂಬೆಯಾಗಿ ಹರಡಿ, ಪಕ್ಕದ ಕೊಂಬೆಗಳು ಒಂದನ್ನೊಂದು ಕೂಡಿ ಕಮಾನುಗಳಾಗುವುವು. ಕಮಾನುಗಳಿಂದ ನೆಟ್ಟನೆಯ ಸಣ್ಣ ನಾಳಗಳು ಹೊರಟು ಕರುಳಿನ ಅಂಚನ್ನು ಹೊಗುವುವು. ರಬಕವಿ ಬನಹಟ್ಟಿಯ ನೇಕಾರನ ಕಣ್ಣಿಗೆ ಇವು ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳಂತೆ ಕಂಡರೆ ಆಶ್ಚರ್ಯವಿಲ್ಲ. ಕಮಾನಿನ ಒಂದು ಕಡೆ ತಡೆ ಬಂದರೆ ಇನ್ನೊಂದು ಕಡೆಯಿಂದ ರಕ್ತ ಬರಬಹುದು. ಆದರೆ ನೆಟ್ಟನೆಯ ಎಳೆಗಳು ಹತ್ತಾರು ಕಡಿದುಹೋದರೆ ಆ ಭಾಗದ ಕರುಳಿಗೆ ಬೇರೆ ದಾರಿಯಿಲ್ಲ.

ಕರುಳಿನ ಗೋಡೆಯೂ ಒಂದೇ ಪದರದ್ದಲ್ಲ. ಹೊರಗೆ ಹೊಳೆಯುವ ತೆಳುಪೊರೆ, ಅದರೊಳಗೆ ಮಾಂಸದ ಪದರ, ಅದರೊಳಗೆ ನಾರಿನಂತೆ ಗಟ್ಟಿಯಾದ ಪದರ, ಎಲ್ಲಕ್ಕೂ ಒಳಗೆ ಅನ್ನರಸವನ್ನು ಹೀರುವ ಲೋಳೆಪೊರೆ. ಲೋಳೆಪೊರೆಯ ಮೇಲೆ ಮಕಮಲ್ಲಿನ ನವಿರಿನಂತೆ ಅಸಂಖ್ಯ ಕುಡಿಗಳು ಎದ್ದಿರುವುವು. ಪಾಠಪುಸ್ತಕಗಳಲ್ಲಿ ಇವುಗಳಿಗೆ ವಿಲ್ಲೈ ಎಂಬ ಪರಭಾಷೆಯ ಹೆಸರಿದೆ. ಕನ್ನಡವು ಸಂತಾನಕ್ಕೆ ಹೇಳುವ ‘ಕರುಳ ಕುಡಿ’ ಎಂಬ ಮಾತು ಇವಕ್ಕೆ ಅಕ್ಷರಶಃ ಒಪ್ಪುವಂತಿದ್ದರೂ ಯಾರೂ ಬಳಸಿದಂತೆ ತೋರದು. ಶರೀರವು ವಿಶ್ರಾಂತಿಯಲ್ಲಿದ್ದಾಗ ಹೃದಯವು ನೂಕುವ ರಕ್ತದಲ್ಲಿ ಸುಮಾರು ಐದನೆಯ ಒಂದರಿಂದ ನಾಲ್ಕನೆಯ ಒಂದು ಪಾಲು ಉದರದ ಈ ಅವಯವಗಳಿಗೇ ಸಲ್ಲುವುದು. ಕರುಳಿನ ಗೋಡೆಗೆ ಬಂದ ರಕ್ತದಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಒಳಗಿನ ಪದರಗಳಿಗೆ ಹೋಗುವುದು. ಹೀಗಿದ್ದರೂ ಕೊರತೆ ಬಂದಾಗ ಮೊದಲು ಸಾಯುವುದು ಕುಡಿಯ ತುದಿಯೇ. ಕುಡಿಯೊಳಗೆ ಮೇಲೇರುವ ಧಮನಿಯೂ ಇಳಿಯುವ ಸಿರೆಯೂ ಅಷ್ಟು ಹತ್ತಿರ ಇರುವುದರಿಂದ ಆಮ್ಲಜನಕವು ತುದಿಯನ್ನು ಮುಟ್ಟುವ ಮೊದಲೇ ಬುಡದಲ್ಲಿ ಒಂದರಿಂದ ಇನ್ನೊಂದಕ್ಕೆ ಸೋರಿಹೋಗುವುದು. ಮೂಲ ಕಾಲುವೆ ದಡ ಮುಟ್ಟಿ ಹರಿಯುತ್ತಿದ್ದರೂ ಬಾಲದ ಹೊಲದಲ್ಲಿ ಬೆಳೆ ಒಣಗಬಹುದೆಂಬುದು ಈ ಭಾಗದ ಬೇಸಾಯಗಾರರಿಗೆ ಹೊಸ ಸುದ್ದಿಯಲ್ಲ. ಕರುಳಿನ ಪರೀಕ್ಷೆಯ ಕಷ್ಟವೆಲ್ಲ ಇದರಲ್ಲಿಯೇ ಅಡಗಿದೆ: ಶಸ್ತ್ರವೈದ್ಯನ ಕಣ್ಣಿಗೆ ಬೀಳುವುದು ಹೊರಪೊರೆ, ಸಾಯುವುದು ಒಳಪೊರೆ.

ಈಗ ಒಂದು ಸಾಮಾನ್ಯ ಪ್ರಸಂಗವನ್ನು ನೋಡೋಣ. ಎರಡು ಮೂರು ತಿಂಗಳ ನಾಯಿಮರಿ. ಹೊಟ್ಟೆಯಲ್ಲಿ ಜಂತುವಿನ ಬಾಧೆ, ಇಲ್ಲವೆ ವಾಂತಿಭೇದಿಯ ರೋಗ. ಕರುಳು ಅತಿಯಾಗಿ ಹಿಂಡಿಕೊಂಡು ಅದರ ಒಂದು ತುಂಡು ಮುಂದಿನ ತುಂಡಿನೊಳಗೆ, ಅಂಗಿಯ ತೋಳು ಒಳಮಡಿಚಿದಂತೆ, ಹೊಕ್ಕುಬಿಡುವುದು. ದನಗಳಲ್ಲಿಯೂ ಇದು ಆಗುವುದುಂಟು. ಹಸುವು ಹೊಟ್ಟೆಯನ್ನು ಕಾಲಿನಿಂದ ಒದ್ದುಕೊಳ್ಳುವುದು, ಮೇವು ಬಿಡುವುದು, ಸಗಣಿಯ ಬದಲು ರಕ್ತ ಬೆರೆತ ಲೋಳೆ ಸ್ವಲ್ಪವೇ ಬೀಳುವುದು. ಒಳಹೊಕ್ಕ ಕರುಳಿನ ಜೊತೆಗೆ ಅದರ ಪೊರೆಯೂ ನಾಳಗಳೂ ಸಿಕ್ಕಿಕೊಂಡು ಹಿಸುಕಲ್ಪಡುವುವು. ಸಿರೆಯ ಗೋಡೆ ತೆಳು, ಧಮನಿಯ ಗೋಡೆ ದಪ್ಪ. ಆದಕಾರಣ ಮೊದಲು ಮುಚ್ಚುವುದು ಸಿರೆ. ರಕ್ತವು ಒಳಬರುತ್ತದೆ, ಹೊರಹೋಗಲಾರದು. ಕರುಳು ಊದಿ ಕಡುಗೆಂಪಾಗಿ, ಮುಂದೆ ನೇರಿಳೆಯಾಗಿ, ಕೊನೆಗೆ ಕಪ್ಪಾಗುವುದು.

ವೈದ್ಯನು ಉದರವನ್ನು ತೆರೆದು ಸಿಕ್ಕನ್ನು ಬಿಡಿಸಿದನೆಂದಿಟ್ಟುಕೊಳ್ಳೋಣ. ಈಗ ಅವನ ಮುಂದೆ ಗೇಣುದ್ದದ ನೇರಿಳೆ ಕರುಳು ಇದೆ. ಇದನ್ನು ಉಳಿಸಬೇಕೇ, ಕತ್ತರಿಸಬೇಕೇ? ತಲೆತಲಾಂತರದಿಂದ ಬಂದ ಗುರುತುಗಳು ನಾಲ್ಕು. ಬಣ್ಣವು ಮರಳಿ ಕೆಂಪಾಗುವುದೇ. ಪೊರೆಯೊಳಗಿನ ಧಮನಿ ಬೆರಳಿಗೆ ಮಿಡಿಯುವುದೇ. ಮೆಲ್ಲನೆ ಚಿವುಟಿದರೆ ಕರುಳು ಹುಳುವಿನಂತೆ ಸರಿದಾಡುವುದೇ. ಅಂಚನ್ನು ಕೊಯ್ದರೆ ಕೆಂಪು ರಕ್ತ ಜಿನುಗುವುದೇ. ಬೆಚ್ಚನೆಯ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕರುಳಿನ ಮೇಲೆ ಹೊದಿಸಿ ಹತ್ತು ಹದಿನೈದು ನಿಮಿಷ ಕಾಯುವುದು ಪದ್ಧತಿ. ಅಷ್ಟು ಹೊತ್ತು ಕೈಕಟ್ಟಿ ನಿಲ್ಲುವುದು ಕತ್ತರಿ ಹಿಡಿಯುವುದಕ್ಕಿಂತ ಕಷ್ಟವೆಂಬುದು ಬಲ್ಲವರ ಮಾತು.

ಈ ಗುರುತುಗಳಲ್ಲಿ ಒಂದೂ ಪೂರ್ಣವಾಗಿ ನಂಬತಕ್ಕುದಲ್ಲ. ಸಿರೆ ಮುಚ್ಚಿದ ಕರುಳಿನಲ್ಲಿಯೂ ಧಮನಿ ಮಿಡಿಯುತ್ತಿರಬಹುದು. ಮಾಂಸಪದರವು ಒಳಪೊರೆಗಿಂತ ಹೆಚ್ಚು ಹೊತ್ತು ತಾಳಿಕೊಳ್ಳುವುದರಿಂದ, ಲೋಳೆಪೊರೆ ಸತ್ತಿದ್ದರೂ ಕರುಳು ಸರಿದಾಡಬಹುದು. ಬದುಕಬಲ್ಲ ಕರುಳು ತಂಪಿನಿಂದಲೂ ಹಿಸುಕಿದ್ದರಿಂದಲೂ ಕೆಲಹೊತ್ತು ಕಪ್ಪಗೆ ಕಾಣಬಹುದು. ಸತ್ತುದನ್ನು ಬಿಟ್ಟರೆ ಮೂರರಿಂದ ಐದನೆಯ ದಿನದೊಳಗೆ ಹೊಲಿಗೆ ಒಡೆದು ಮಲವು ಉದರಕ್ಕೆ ಸೋರಿ ಪ್ರಾಣ ಹೋಗುವುದು. ಬದುಕಿದುದನ್ನು ಕತ್ತರಿಸಿದರೆ ಕರುಳು ಗಿಡ್ಡವಾಗಿ, ಉಂಡದ್ದು ಮೈಗೆ ಹತ್ತದೆ ಪ್ರಾಣಿ ಸೊರಗುವುದು. ಹಸುವಿನ ಸಣ್ಣ ಕರುಳು ಸುಮಾರು 40 ಮೀಟರು ಉದ್ದವಿರುವುದರಿಂದ ಅಲ್ಲಿ ಒಂದು ಮೊಳ ಹೋದರೆ ದೊಡ್ಡ ನಷ್ಟವಿಲ್ಲ. ಹುಟ್ಟುತ್ತಲೇ ಕರುಳು ಕೆಟ್ಟ ಮನುಷ್ಯಶಿಶುವಿನಲ್ಲಿ ಒಂದೊಂದು ಅಂಗುಲವೂ ಆಯುಸ್ಸಿನ ಲೆಕ್ಕವೇ.

ಇಂಥ ಸಂಶಯವನ್ನು ನೀಗಿಸಲೆಂದೇ ಪ್ರಾಣಿಗಳ ಮೇಲೆ ಸಂಶೋಧನೆ ನಡೆಯಿತು. ಲಂಡನ್ನಿನ ಬೆಂಜಮಿನ್ ಟ್ರಾವರ್ಸ್ ಎಂಬ ಶಸ್ತ್ರವೈದ್ಯನು ನಾಯಿಗಳ ಕರುಳಿನ ಮೇಲೆ ನಡೆಸಿದ ಪ್ರಯೋಗಗಳನ್ನು 1812ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿ, ಗಾಯಗೊಂಡ ಕರುಳನ್ನು ಪ್ರಕೃತಿಯು ತಾನೇ ಬೆಸೆಯುವ ಕ್ರಮವನ್ನು ತೋರಿಸಿದನು. ಕರುಳಿನ ಹೊಲಿಗೆಯು ಯಾವ ಪದರವನ್ನು ಹಿಡಿದರೆ ನಿಲ್ಲುವುದೆಂಬುದು ಬಹುಕಾಲ ಗೊತ್ತಿರಲಿಲ್ಲ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1887ರಲ್ಲಿ, ನಾಯಿಗಳ ಮೇಲೆ ಮಾಡಿದ ಪ್ರಯೋಗಗಳ ಆಧಾರದಿಂದ, ದಾರವನ್ನು ತಡೆದು ಹಿಡಿಯುವುದು ಲೋಳೆಪೊರೆಯ ಕೆಳಗಿನ ನಾರುಪದರವೆಂದು ಸಾಧಿಸಿದನು. ಇಲ್ಲಿ ಒಂದು ಸೋಜಿಗವಿದೆ. ದಾರಕ್ಕೆ ಆಧಾರವಾದ ಆ ಪದರದಲ್ಲಿಯೇ ಗೋಡೆಯೊಳಗಿನ ರಕ್ತನಾಳಗಳ ಮುಖ್ಯ ಜಾಲವೂ ಹೆಣೆದುಕೊಂಡಿದೆ. ಹೊಲಿಗೆಯನ್ನು ಬಿಗಿದರೆ ರಕ್ತ ನಿಲ್ಲುವುದು, ಸಡಿಲಿಸಿದರೆ ಮಲ ಸೋರುವುದು. ಹಾಸಿನ ಬಿಗುವನ್ನು ಕೈಯಳತೆಯಿಂದಲೇ ತಿಳಿಯುವ ನೇಕಾರನಿಗೆ ಈ ಕಷ್ಟದ ಅಂದಾಜು ಚೆನ್ನಾಗಿ ಆದೀತು.

ಕರುಳನ್ನು ಕತ್ತರಿಸಿ ಕೂಡಿಸುವುದಷ್ಟೇ ಅಲ್ಲ, ಅದರ ಆಕಾರವನ್ನೇ ಮಾರ್ಪಡಿಸುವ ಸಾಹಸಗಳೂ ನಡೆದಿವೆ. ಅವುಗಳಲ್ಲಿ ಅತ್ಯಂತ ಜಾಣತನದ್ದೆಂದರೆ ಮ್ಯಾಂಚೆಸ್ಟರಿನ ಮಕ್ಕಳ ಶಸ್ತ್ರವೈದ್ಯ ಏಡ್ರಿಯನ್ ಬಿಯಾಂಕಿ 1980ರಲ್ಲಿ ಹಂದಿಗಳಲ್ಲಿ ಸಾಧಿಸಿ ಪ್ರಕಟಿಸಿದ ಕ್ರಮ. ಗಿಡ್ಡವಾಗಿ ಉಳಿದ ಕರುಳು ಕಾಲಕ್ರಮದಲ್ಲಿ ಹಿಗ್ಗಿ ಅಗಲವಾಗುವುದು. ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ಪ್ರತಿಯೊಂದು ಹೋಳನ್ನೂ ಕೊಳವೆಯಾಗಿ ಹೊಲಿದು, ಒಂದರ ತುದಿಗೆ ಇನ್ನೊಂದರ ತುದಿಯನ್ನು ಕೂಡಿಸಿದರೆ ಅಗಲ ಅರ್ಧವಾಗಿ ಉದ್ದ ಇಮ್ಮಡಿಯಾಗುವುದು. ಹೇಳಲು ಸುಲಭ! ಸೀಳಿದ ಎರಡು ಹೋಳುಗಳಿಗೂ ರಕ್ತ ಬರುವುದೆಲ್ಲಿಂದ? ಕರುಳಿನ ಪೊರೆಯು ಎರಡು ಹಾಳೆಗಳುಳ್ಳದ್ದು. ಅದರೊಳಗಿನ ನಾಳಗಳು ಕರುಳನ್ನು ಮುಟ್ಟುವ ಮೊದಲು ಎಡಬಲಗಳಿಗೆ ಕವಲಾಗುವುವು. ಬಿಯಾಂಕಿ ಗುರುತಿಸಿದುದು ಆ ಹಾಳೆಗಳ ನಡುವಿನ ಸಂದನ್ನು. ಸಂದನ್ನು ಬಿಡಿಸಿ ಎಡದ ನಾಳಗಳನ್ನು ಎಡದ ಹೋಳಿಗೂ ಬಲದವನ್ನು ಬಲದ ಹೋಳಿಗೂ ಹಂಚಿದರೆ ಎರಡೂ ಬದುಕುವುವು. ಮರುವರ್ಷವೇ, 1981ರಲ್ಲಿ, ಅಮೆರಿಕದ ವೈದ್ಯರು ಇದನ್ನು ಮಗುವೊಂದರಲ್ಲಿ ಮಾಡಿದ ವರದಿ ಬಂದಿತು. 2003ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ತಂಡವು, ಮೊದಲು ಹಂದಿಗಳಲ್ಲಿಯೇ, ಇನ್ನೂ ಸರಳವಾದ ಕ್ರಮವನ್ನು ತೋರಿಸಿತು: ಹಿಗ್ಗಿದ ಕರುಳಿಗೆ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಅಡ್ಡಲಾಗಿ ಅರ್ಧದವರೆಗೆ ಕತ್ತರಿಸಿ ಹೊಲಿಯುತ್ತ ಹೋದರೆ ಕರುಳು ಹಾವಿನ ನಡೆಯಂತೆ ಡೊಂಕುಡೊಂಕಾಗಿ ಉದ್ದವಾಗುವುದು. ಕತ್ತರಿಯ ಗೆರೆಯು ರಕ್ತನಾಳಗಳಿಗೆ ಸಮಾನಾಂತರವಾಗಿ ಸಾಗುವುದರಿಂದ ನಾಳಗಳು ಕಡಿಯುವುದಿಲ್ಲ. ಎರಡು ಕ್ರಮಗಳಲ್ಲಿಯೂ ಬುದ್ಧಿಯ ಬಹುಭಾಗವು ವ್ಯಯವಾದುದು ರಕ್ತದ ದಾರಿಯನ್ನು ಕಾಪಾಡುವುದರಲ್ಲಿ.

ಮಾರ್ಪಡಿಸಿದ ಕರುಳಿನಲ್ಲಿ ರಕ್ತವು ನಿಜವಾಗಿ ಹರಿಯುತ್ತಿದೆಯೆಂದು ತೋರಿಸುವ ಹಳೆಯ ಉಪಾಯವೆಂದರೆ ಬಣ್ಣವನ್ನಾಗಲಿ ಗಟ್ಟಿಯಾಗುವ ರಾಳವನ್ನಾಗಲಿ ಧಮನಿಯೊಳಕ್ಕೆ ತುಂಬುವುದು. ರಾಳವು ಗಟ್ಟಿಯಾದ ತರುವಾಯ ಕ್ಷಾರದಲ್ಲಿ ಮಾಂಸವನ್ನು ಕರಗಿಸಿದರೆ, ಎಲೆಯುದುರಿದ ಮರದಂತೆ ನಾಳಗಳ ಅಚ್ಚು ಮಾತ್ರ ಉಳಿಯುವುದು. ನೋಡಲು ಮನೋಹರವಾದ ವಸ್ತು. ಆದರೆ ಅದು ದಾರಿಯಿದೆಯೆಂದು ಹೇಳುವುದೇ ಹೊರತು ಆ ದಾರಿಯಲ್ಲಿ ಎಷ್ಟು ರಕ್ತ ಹರಿಯುತ್ತಿತ್ತೆಂದು ಹೇಳಲಾರದು. ಸತ್ತ ಪ್ರಾಣಿಯಲ್ಲಲ್ಲದೆ ದೊರೆಯಲೂ ಆರದು.

ಹರಿವನ್ನು ಅಳೆಯಲು 1960ರ ದಶಕದಲ್ಲಿ ಸೂಕ್ಷ್ಮಗೋಲಗಳ ವಿಧಾನ ಬಂದಿತು. ವಿಕಿರಣ ಸೂಸುವ ಅತಿ ಸಣ್ಣ ಗೋಲಗಳು, ಸುಮಾರು 15 ಮೈಕ್ರಾನ್ ವ್ಯಾಸದವು, ಹೃದಯದ ಎಡಭಾಗಕ್ಕೆ ಬಿಡಲ್ಪಡುವುವು. ಲೋಮದಂತಹ ಕಿರುನಾಳಗಳಿಗಿಂತ ಅವು ದೊಡ್ಡವಾದ್ದರಿಂದ ರಕ್ತವು ಎಲ್ಲಿ ಎಷ್ಟು ಹೋಯಿತೋ ಅಲ್ಲಿ ಅಷ್ಟು ಗೋಲಗಳು ಸಿಕ್ಕಿಕೊಳ್ಳುವುವು. ಅದೇ ಹೊತ್ತಿಗೆ ಬೇರೊಂದು ಧಮನಿಯಿಂದ ಗೊತ್ತಾದ ವೇಗದಲ್ಲಿ ರಕ್ತವನ್ನು ಸೆಳೆದಿಟ್ಟುಕೊಂಡರೆ ಲೆಕ್ಕಕ್ಕೆ ಆಧಾರ ದೊರೆಯುವುದು. ಕೊನೆಗೆ ಕರುಳನ್ನು ಪದರಪದರವಾಗಿ ಬಿಡಿಸಿ ವಿಕಿರಣವನ್ನು ಎಣಿಸಿದರೆ ಒಳಪೊರೆಗೆ ಎಷ್ಟು, ಮಾಂಸಪದರಕ್ಕೆ ಎಷ್ಟು ಎಂಬುದು ಮಿಲಿಲೀಟರುಗಳಲ್ಲಿ ತಿಳಿಯುವುದು. ಇಷ್ಟು ಖಚಿತವಾದ ಅಳತೆ ಬೇರೆ ವಿಧಾನಗಳಲ್ಲಿ ವಿರಳ. ಅದರ ಬೆಲೆ ಮಾತ್ರ ಪ್ರಾಣಿಯ ಜೀವ, ಎಣಿಸಬೇಕಾದರೆ ಕೊಲ್ಲಲೇಬೇಕು. ಮೊದಲ ದಿನ, ಮೂರನೆಯ ದಿನ, ಏಳನೆಯ ದಿನ ಕರುಳಿನ ಸ್ಥಿತಿಯನ್ನು ಹೀಗೆ ಬಿಡಿಸಿ ನೋಡಬಯಸಿದರೆ ದಿನಕ್ಕೊಂದರಂತೆ ಪ್ರಾಣಿಗಳ ಗುಂಪುಗಳೇ ಬೇಕಾಗುವುವು.

ಫ್ಲೋರೆಸೀನ್ ಎಂಬ ಬಣ್ಣದ ಪರೀಕ್ಷೆಯು ಮನುಷ್ಯರ ಶಸ್ತ್ರಚಿಕಿತ್ಸಾಲಯಕ್ಕೂ ಬಂದಿತು. ಅದನ್ನು ಸಿರೆಗೆ ಕೊಟ್ಟು, ಕೋಣೆಯ ದೀಪವಾರಿಸಿ, ನೇರಿಳಾತೀತ ಬೆಳಕನ್ನು ಹಾಯಿಸಿದರೆ ರಕ್ತವಿರುವ ಕರುಳು ಹಳದಿಹಸುರಾಗಿ ಬೆಳಗುವುದು; ರಕ್ತವಿಲ್ಲದ ಭಾಗ ಕತ್ತಲಾಗಿ ಉಳಿಯುವುದು. ಡಾಪ್ಲರ್ ಯಂತ್ರವಾದರೋ ಕಿವಿಯ ಪರೀಕ್ಷೆ. ಚಲಿಸುವ ವಸ್ತುವಿನಿಂದ ಬರುವ ತರಂಗದ ಸ್ವರವು ಬದಲಾಗುವುದೆಂದು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದ ತತ್ತ್ವವೇ ಇದರ ಮೂಲ. ಪೆನ್ಸಿಲಿನಷ್ಟು ಸಣ್ಣ ಕಡ್ಡಿಯನ್ನು ಕರುಳಿನ ಮೇಲಿಟ್ಟರೆ ರಕ್ತದ ಹರಿವು ಸದ್ದಾಗಿ ಕೇಳಿಸುವುದು. ಅಮೆರಿಕದಲ್ಲಿ ಇವೆರಡನ್ನೂ ವೈದ್ಯರ ಕಣ್ಣಳತೆಯೊಡನೆ ಹೋಲಿಸಿ 1981ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಈ ವಿಷಯದಲ್ಲಿ ಪದೇ ಪದೇ ಉಲ್ಲೇಖಗೊಳ್ಳುವುದು. 28 ರೋಗಿಗಳ 71 ಕರುಳಿನ ತುಂಡುಗಳನ್ನು ಪರೀಕ್ಷಿಸಿದಾಗ ಕಣ್ಣಳತೆಯು ನೂರಕ್ಕೆ 89ರಷ್ಟು ಸರಿಯಾಯಿತು; ಡಾಪ್ಲರ್ ಅದಕ್ಕಿಂತ ಕಡಮೆ; ಫ್ಲೋರೆಸೀನ್ ಎಲ್ಲವನ್ನೂ ಸರಿಯಾಗಿ ಹೇಳಿತು. ಯಂತ್ರವಾದ ಮಾತ್ರಕ್ಕೆ ಅನುಭವಿಯ ಕಣ್ಣಿಗಿಂತ ಮೇಲಲ್ಲವೆಂಬುದು ಇದರಿಂದ ಸ್ಪಷ್ಟ. ಕಣ್ಣೂ ಸಾಮಾನ್ಯವಾದುದಲ್ಲ, ಆದರೆ ನೂರಕ್ಕೆ 11ರ ತಪ್ಪು ಪ್ರಾಣದ ವಿಷಯದಲ್ಲಿ ಸಣ್ಣದೂ ಅಲ್ಲ.

ಫ್ಲೋರೆಸೀನಿಗೆ ಒಂದು ದೋಷವಿದೆ. ಅದು ಅಂಗಾಂಶಕ್ಕೆ ಇಳಿದು ನಿಲ್ಲುವುದರಿಂದ ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಪರೀಕ್ಷಿಸಲು ಬಾರದು. ಇಂಡೋಸೈನೀನ್ ಗ್ರೀನ್ ಎಂಬ ಇನ್ನೊಂದು ಬಣ್ಣವು ರಕ್ತದಲ್ಲಿಯೇ ಉಳಿದು, ಯಕೃತ್ತಿನ ಮೂಲಕ ನಿಮಿಷಗಳಲ್ಲಿ ಹೊರಹೋಗುವುದು. ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕಿನಲ್ಲಿ ಅದು ಹೊಳೆಯುವುದನ್ನು ಕ್ಯಾಮೆರಾ ಹಿಡಿಯುವುದು. ಆದುದರಿಂದ ಒಂದೇ ಪ್ರಾಣಿಯಲ್ಲಿ, ಒಂದೇ ಶಸ್ತ್ರಕ್ರಿಯೆಯಲ್ಲಿ, ಕತ್ತರಿಸುವ ಮೊದಲೊಮ್ಮೆ ಹೊಲಿದ ಮೇಲೊಮ್ಮೆ ನೋಡಬಹುದು. ಲೇಸರ್ ಡಾಪ್ಲರ್ ಎಂಬ ಸಾಧನವು ಸುಮಾರು ಒಂದು ಮಿಲಿಮೀಟರಿನ ಆಳದವರೆಗೆ ಕಿರುನಾಳಗಳ ಹರಿವನ್ನು ಎಡೆಬಿಡದೆ ತೋರಿಸುವುದು. ಅದು ಮಿಲಿಲೀಟರುಗಳಲ್ಲಿ ಹೇಳದೆ, ಮೊದಲಿಗಿಂತ ಹೆಚ್ಚೋ ಕಡಮೆಯೋ ಎಂಬುದನ್ನು ಮಾತ್ರ ಹೇಳುವುದು. ಕರುಳು ಕದಲಿದರೆ ಅದೂ ತಪ್ಪುವುದು, ಮತ್ತು ಕರುಳು ಸುಮ್ಮನಿರುವ ಅಂಗವಲ್ಲ.

ಸಾಧನದಷ್ಟೇ ಮುಖ್ಯವಾದುದು ಯಾವ ಪ್ರಾಣಿಯಲ್ಲಿ ಅಳೆದರೆಂಬುದು. ನಾಯಿಯಲ್ಲಿ ರಕ್ತದೊತ್ತಡ ಕುಸಿದಾಗ ಯಕೃತ್ತಿನ ಸಿರೆಗಳು ಬಿಗಿದುಕೊಂಡು ಕರುಳಿನ ಒಳಪೊರೆಯಲ್ಲಿ ರಕ್ತ ಕಟ್ಟುವುದು ವಿಶೇಷ. ಮನುಷ್ಯರಲ್ಲಿ ಅದು ಆ ಪ್ರಮಾಣದಲ್ಲಿ ಕಾಣದು. ಹಂದಿಯಲ್ಲಿ ಮನುಷ್ಯನಲ್ಲಿರುವಂಥ ಕಮಾನುಗಳು ಕರುಳಿನ ಬಳಿ ಇಲ್ಲದೆ, ಪೊರೆಯ ಬುಡದ ಜಾಲದಿಂದ ಸಣ್ಣ ನಾಳಗಳು ನೇರವಾಗಿ ಹೊರಡುವುವು. ಜ್ಞಾನತಪ್ಪಿಸುವ ಔಷಧ, ಕೋಣೆಯ ತಂಪು, ಹೊರಬಿದ್ದ ಕರುಳಿನ ಒಣಗುವಿಕೆ ಇವೆಲ್ಲವೂ ಹರಿವನ್ನು ಬದಲಿಸುವುವು. ಇಷ್ಟನ್ನೂ ಬರೆದಿಡದ ಪ್ರಯೋಗವು ಎಷ್ಟು ಪ್ರಾಣಿಗಳನ್ನು ಬಳಸಿದರೂ ವ್ಯರ್ಥ. ಆ ವ್ಯರ್ಥತೆಗೆ ಕ್ರೌರ್ಯವೆಂಬ ಹೆಸರು ಕಠಿನವಾದೀತೇ ಹೊರತು ತಪ್ಪಾಗಲಾರದು.

ಇಲ್ಲಿ ಮುಧೋಳದ ನಾಯಿಯ ಮಾತನ್ನು ಎತ್ತದೆ ಮುಂದೆ ಹೋಗಲಾಗದು. ಘೋರ್ಪಡೆ ಮನೆತನದ ಅರಸರ ಆಶ್ರಯದಲ್ಲಿ ಹೆಸರಾದ, 2005ರಲ್ಲಿ ಭಾರತೀಯ ಅಂಚೆಚೀಟಿಯ ಮೇಲೆ ಮೂಡಿದ ಈ ನೀಳದೇಹದ ಬೇಟೆನಾಯಿಗಾಗಿಯೇ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಸಂಶೋಧನೆಯೆಂಬ ಒಂದೇ ಮಾತಿಗೆ ಎಷ್ಟು ಅಂತರದ ಅರ್ಥಗಳಿವೆಯೆಂಬುದಕ್ಕೆ ಇದು ಒಳ್ಳೆಯ ನಿದರ್ಶನ: ತಿಮ್ಮಾಪುರದಲ್ಲಿ ನಾಯಿಯ ತಳಿಯನ್ನು ಉಳಿಸಿ ಬೆಳೆಸುವುದೇ ಸಂಶೋಧನೆ, ಹಾಲ್‌ಸ್ಟೆಡ್‌ನ ಕೋಣೆಯಲ್ಲಿ ನಾಯಿಯು ಸಂಶೋಧನೆಯ ಸಾಮಗ್ರಿಯಾಗಿತ್ತು. ಹಾಗೆಂದು ಎರಡನೆಯದನ್ನು ಹಳಿದು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ಇಂದು ಮುಧೋಳದ ನಾಯಿಮರಿಯೊಂದರ ಕರುಳನ್ನು ಪಶುವೈದ್ಯನು ಹೊಲಿದು ಉಳಿಸಿದರೆ, ಅವನ ಸೂಜಿಯು ನಾರುಪದರವನ್ನು ಹಿಡಿಯಬೇಕೆಂಬ ತಿಳಿವಳಿಕೆ ಬಂದುದು ಹಿಂದಿನ ಆ ನಾಯಿಗಳಿಂದಲೇ.

1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿದ್ವಾಂಸರು ಪ್ರಾಣಿಪ್ರಯೋಗಕ್ಕೆ ಮೂರು ಕಟ್ಟುಗಳನ್ನು ಸೂಚಿಸಿದರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಸ್ತು; ಬೇಕಾದಲ್ಲಿ ಕನಿಷ್ಠ ಸಂಖ್ಯೆ; ಬಳಸಿದ ಪ್ರಾಣಿಗೆ ಕನಿಷ್ಠ ನೋವು. ಮೊದಲನೆಯದು ಸುಶ್ರುತನ ಕುಂಬಳಕಾಯಿಯನ್ನು ನೆನಪಿಗೆ ತರದೆ ಇರಲಾರದು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮವು ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ನೇಮಿಸಲು ಅವಕಾಶವಿತ್ತಿತು. 1998ರ ನಿಯಮಗಳ ಪ್ರಕಾರ ಪ್ರಯೋಗ ನಡೆಸುವ ಸಂಸ್ಥೆಯು ನೋಂದಣಿ ಮಾಡಿಸಿ, ಪ್ರತಿ ಪ್ರಯೋಗಕ್ಕೂ ಮುಂಚಿತವಾಗಿ ಅನುಮತಿ ಪಡೆಯಬೇಕು. ಕೊಲ್ಲದೆ ಅಳೆಯುವ ಇಂಡೋಸೈನೀನ್ ಮತ್ತು ಲೇಸರ್ ವಿಧಾನಗಳು ಬಂದ ಮೇಲೆ ಎರಡನೆಯ ಕಟ್ಟು ಕಾಗದದ ಮಾತಾಗಿ ಉಳಿಯಬೇಕಾಗಿಲ್ಲ. ಒಂದೇ ಹಂದಿಯನ್ನು ಹಲವು ಬಾರಿ ಪರೀಕ್ಷಿಸಿದರೆ ಅದು ತನಗೆ ತಾನೇ ಹೋಲಿಕೆಯಾಗುವುದು. ಗುಂಪುಗುಂಪಾಗಿ ಕೊಲ್ಲುವುದು ತಪ್ಪುವುದು. ಅಳತೆಯ ಸತ್ಯವೂ ಪ್ರಾಣಿಯ ಮೇಲಿನ ದಯೆಯೂ ಇಲ್ಲಿ ಒಂದೇ ಕಡೆ ನಿಂತಿವೆ. ವಿಜ್ಞಾನದಲ್ಲಿ ಯಾವಾಗಲೂ ಹೀಗಾಗುವುದಿಲ್ಲ.

ಶಾಲೆಯಲ್ಲಿ ಈ ಪಾಠವನ್ನು ಹೇಳಬಯಸುವ ಉಪಾಧ್ಯಾಯರಿಗೆ ಯಂತ್ರವೂ ಬೇಡ, ಪ್ರಾಣಿಯೂ ಬೇಡ. ವಿದ್ಯಾರ್ಥಿಯು ತನ್ನ ಹೆಬ್ಬೆರಳಿನ ಉಗುರನ್ನು ಐದು ಎಣಿಸುವವರೆಗೆ ಒತ್ತಿಹಿಡಿದು ಬಿಡಲಿ. ಬಿಳುಪಾದ ಉಗುರಿನ ಬುಡ ಎರಡು ಸೆಕೆಂಡಿನಷ್ಟರಲ್ಲಿ ಮತ್ತೆ ಕೆಂಪಾಗುವುದು. ಕಿರುನಾಳಗಳಿಗೆ ರಕ್ತ ಮರಳಿದುದರ ಗುರುತದು. ವೈದ್ಯನು ಕರುಳನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡುವುದೂ ಇದನ್ನೇ. ತರುವಾಯ ಅದೇ ಕೈಯನ್ನು ತಣ್ಣೀರಿನ ಕೊಡದಲ್ಲಿ ಎರಡು ನಿಮಿಷ ಅದ್ದಿ ಮತ್ತೆ ಒತ್ತಲಿ. ಈ ಸಲ ಕೆಂಪು ಬರಲು ತಡವಾಗುವುದು, ಬೆರಳು ಮಾತ್ರ ಮೊದಲಿನಷ್ಟೇ ಜೀವಂತವಾಗಿರುವುದು. ಬೆಚ್ಚನೆಯ ಬಟ್ಟೆಯನ್ನು ಕರುಳಿನ ಮೇಲೆ ಹೊದಿಸಿ ವೈದ್ಯನು ಹತ್ತು ಹದಿನೈದು ನಿಮಿಷ ಏಕೆ ಕಾಯುವನೆಂದು ಆಗ ಮಕ್ಕಳನ್ನೇ ಕೇಳಬಹುದು.